ಸಂಚಕಾರ ಕೊಟ್ಟದ್ದೆಲ್ಲ ಮಾರಾಟವಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ವಾಣಿಜ್ಯ ಪುಟದಲ್ಲಿ ವಿದ್ಯುತ್ ಕಾರುಗಳ ಪೈಪೋಟಿಯನ್ನು ಕುರಿತ ಒಂದು ಕೋಷ್ಟಕ ಬಂದಿತ್ತು. ಐದು ಕಾರು, ಐದು ಅಂಕಿ, ಮೇಲೆ 'ಆರಂಭದಲ್ಲಿ ಯಾರು ಮುಂದೆ?' ಎಂಬ ದಪ್ಪ ಅಕ್ಷರದ ತಲೆಬರಹ. ಕನ್ನಡಕ ಒರೆಸಿಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದೆ. ಒಂದು ಕಾರಿನ ಮುಂದೆ ಇದ್ದದ್ದು ಮೊದಲ ದಿನದ ಬುಕಿಂಗ್. ಇನ್ನೊಂದರ ಮುಂದೆ ಕಾರ್ಖಾನೆಯಿಂದ ಡೀಲರುಗಳಿಗೆ ರವಾನೆಯಾದ ಸಂಖ್ಯೆ. ಮೂರನೆಯದರ ಮುಂದೆ ಸಾರಿಗೆ ಇಲಾಖೆಯ ನೋಂದಣಿ. ಉಳಿದ ಎರಡರ ಮೂಲವನ್ನು ಕೊಡುವ ತೊಂದರೆಯನ್ನೇ ನೀವು ತೆಗೆದುಕೊಂಡಿರಲಿಲ್ಲ. ಐದಕ್ಕೂ ಒಂದೇ ಹೆಸರು: ಮಾರಾಟ. ನನ್ನ ಚಹಾ ಅಲ್ಲಿಯೇ ಆರಿಹೋಯಿತು.

ನಾನು ಮೋಟಾರಿನ ಮನುಷ್ಯನಲ್ಲ. ವಿಜಯಪುರದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ದಿವಾನಜಿಯಾಗಿ ಮೂವತ್ಮೂರು ವರ್ಷ ಲೆಕ್ಕ ಬರೆದವನು. ಸೇರಿದ್ದು 1986ರಲ್ಲಿ, ಆಗ ಊರಿನ ಹೆಸರು ಬಿಜಾಪುರ. ಜೋಳ, ಕಡಲೆ, ತೊಗರಿ, ಉಳ್ಳಾಗಡ್ಡಿ, ಒಣದ್ರಾಕ್ಷಿ ಎಲ್ಲವೂ ನನ್ನ ಪೆನ್ನಿನ ಕೆಳಗಿನಿಂದ ಹಾದುಹೋಗಿವೆ. ಈಗ ಮನೆಯಲ್ಲಿ ಕುಳಿತು ಪತ್ರಿಕೆಯ ಅಂಕಿಗಳಲ್ಲಿ ತಪ್ಪು ಹುಡುಕುವುದು ನನಗುಳಿದ ಏಕೈಕ ದುಶ್ಚಟ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಕೆಯ ಮಾತನ್ನು ಒಪ್ಪಿಕೊಂಡೇ ಈ ಪತ್ರ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ಸುಗ್ಗಿಯಲ್ಲಿ ನಾನೂ ನಿಮ್ಮ ಹಾಗೆಯೇ ಒಂದು ತಪ್ಪು ಮಾಡಿದ್ದೆ. ಟಿಕೋಟಾ ಕಡೆಯ ಒಬ್ಬ ರೈತರು ನಲವತ್ತು ಚೀಲ ಬಿಳಿಜೋಳ ತಂದಿದ್ದರು. ಬೆಳಿಗ್ಗೆ ಸವಾಲು, ಅಂದರೆ ಹರಾಜು, ಆಯಿತು, ದರ ನಿಂತಿತು, ಖರೀದಿದಾರರು ತಲೆ ಆಡಿಸಿದರು. ನಾನು ಹುರುಪಿನಿಂದ ಆ ದಿನದ ಕಿರ್ದಿಯಲ್ಲಿ 'ಮಾರಾಟ, 40 ಚೀಲ' ಎಂದು ಬರೆದುಬಿಟ್ಟೆ. ಮಧ್ಯಾಹ್ನ ಹಮಾಲರು ಚೀಲಗಳನ್ನು ತೂಕದ ಕಾಟಾದ ಕಡೆಗೆ ಎಳೆಯುವಾಗ ಏಳೆಂಟು ಚೀಲಗಳ ತಳ ಹಸಿಯಾಗಿರುವುದು ಗೊತ್ತಾಯಿತು. ಸೌದಾ ಮುರಿಯಿತು. ಸಂಜೆ ಆ ರೈತರು ಮಾಲನ್ನು ಮತ್ತೆ ಬಂಡಿಗೆ ಹೇರಿಕೊಂಡು ಊರಿಗೆ ಹೊರಟರು. ನಮ್ಮ ಸಾಹುಕಾರರು ನನ್ನನ್ನು ಬೈಯಲಿಲ್ಲ. ಕೆಂಪು ಶಾಯಿಯ ದೌತಿಯನ್ನು ನನ್ನ ಮುಂದೆ ಸರಿಸಿ, 'ಕಾಟಾ ಏರದ ಮಾಲು ಮಾರಿದ ಮಾಲಲ್ಲ, ಹೊಡೆದು ಹಾಕು' ಎಂದರು. ಆ ಕೆಂಪು ಗೆರೆ ಇಂದಿಗೂ ನನ್ನ ಕಣ್ಣ ಮುಂದಿದೆ.

ನಿಮ್ಮ ಕೋಷ್ಟಕದಲ್ಲಿ ಅಂಥ ಗೆರೆ ಎಲ್ಲೆಲ್ಲಿ ಬೀಳಬೇಕು ಎನ್ನುವುದಕ್ಕೆ ನಮ್ಮ ಮನೆಯ ಒಂದೇ ಕಾರು ಸಾಕು.

ನನ್ನ ಅಳಿಯ 2025ರ ಜನವರಿಯಲ್ಲಿ ವಿದ್ಯುತ್ ಕಾರು ಕೊಳ್ಳಲು ಮನಸ್ಸು ಮಾಡಿದ. ಯಾವುದು ಬೇಗ ಸಿಗುತ್ತದೋ ಎಂದು ಎರಡು ಕಂಪನಿಗಳಲ್ಲಿ ಮುಂಗಡ ಕಟ್ಟಿದ. ಬೇಡವೆಂದರೆ ಹಣ ವಾಪಸು ಬರುತ್ತದೆ ಎಂಬ ಭರವಸೆ ಇದ್ದುದರಿಂದ ಅವನಿಗೆ ಎದೆಬಡಿತವೇನೂ ಇರಲಿಲ್ಲ. ನಮ್ಮಲ್ಲಿ ಇದಕ್ಕೆ ಸಂಚಕಾರ ಎಂದು ಹೆಸರು. ವ್ಯಾಪಾರದಲ್ಲಿ ಸಂಚಕಾರ ಕೊಟ್ಟವನು ಹಿಂದೆ ಸರಿದರೆ ಹಣ ಬಿಡಬೇಕು, ಇಲ್ಲಿ ಬಿಡಬೇಕಾಗಿಲ್ಲ. ಆದ್ದರಿಂದ ಇದು ಸಂಚಕಾರಕ್ಕಿಂತಲೂ ಹಗುರವಾದದ್ದು. ಅದೇನೇ ಇರಲಿ, ಜನವರಿಯಲ್ಲಿ ಎರಡು ಕಂಪನಿಗಳ ಪುಸ್ತಕದಲ್ಲಿ ನಮ್ಮ ಮನೆಯ ಎರಡು ಕಾರುಗಳಿದ್ದವು. ಮಾರ್ಚ್ ಮೊದಲ ವಾರ ಒಂದನ್ನು ರದ್ದು ಮಾಡಿದ. ಬುಕಿಂಗ್ ಬಂದ ದಿನ ಪ್ರಕಟಣೆ ಹೊರಡಿಸುವ ಕಂಪನಿ, ರದ್ದಾದ ದಿನ ಪ್ರಕಟಣೆ ಹೊರಡಿಸಿದ್ದನ್ನು ನಾನು ಕಂಡಿಲ್ಲ.

ಉಳಿದ ಕಾರು ಯುಗಾದಿಗೆ ಮನೆಗೆ ಬರುತ್ತದೆ ಎಂದು ಡೀಲರ್ ಹೇಳಿದ್ದರು. ಮಾರ್ಚ್ ಮೂರನೆಯ ವಾರ ಅದು ಕಾರ್ಖಾನೆಯಿಂದ ಹೊರಟಿತು, ಅಂದರೆ ಕಂಪನಿಯ ಲೆಕ್ಕದಲ್ಲಿ ಮಾರಾಟವಾಯಿತು. ಮಾರ್ಚ್ 28ರಂದು ನೋಂದಣಿಯಾಯಿತು, ಅಂದರೆ ಸರ್ಕಾರದ ಲೆಕ್ಕದಲ್ಲಿಯೂ ಮಾರಾಟವಾಯಿತು. ಹಣಕಾಸು ವರ್ಷ ಮುಗಿಯುವ ಮೊದಲು ಸಂಖ್ಯೆ ತುಂಬಿಸುವ ಅವಸರ ಡೀಲರ್‌ಗೆ. ಆದರೆ ಮನೆಗೆ ಕೂರಿಸುವ ಚಾರ್ಜರ್ ಪೆಟ್ಟಿಗೆ ಬಂದಿರಲಿಲ್ಲ. ಅದಿಲ್ಲದೆ ಕಾರು ಒಯ್ದು ಏನು ಮಾಡುವುದು? ಸೀಟಿನ ಪ್ಲಾಸ್ಟಿಕ್ ಹೊದಿಕೆಯ ಸಮೇತ ಅದು ಡೀಲರ್ ಅಂಗಳದ ಬಿಸಿಲಿನಲ್ಲಿ ನಿಂತಿತ್ತು. ನಂಬರ್ ಪ್ಲೇಟ್ ಸಹ ಬಂದಿತ್ತು. ಯುಗಾದಿ ಮಾರ್ಚ್ 30ಕ್ಕೆ ಬಂದು ಹೋಯಿತು. ಕಾರು ಮನೆಗೆ ಬಂದದ್ದು ಏಪ್ರಿಲ್ 30ರಂದು, ಬಸವ ಜಯಂತಿಯ ದಿನ. ಮಗಳು ಆರತಿ ಎತ್ತಿದಳು, ಚಕ್ರಕ್ಕೆ ಲಿಂಬೆಹಣ್ಣು ಇಟ್ಟರು. ಹಣ್ಣು ನಮ್ಮ ಇಂಡಿ ತಾಲ್ಲೂಕಿನದು; ಈ ಲೆಕ್ಕದಲ್ಲಿ ಯಾವ ಗೊಂದಲವೂ ಇಲ್ಲದ್ದು ಅದೊಂದೇ.

ಹೇಳಿ, ಈ ಕಾರು ಯಾವ ತಿಂಗಳು ಮಾರಾಟವಾಯಿತು? ಜನವರಿಯ ಕೋಷ್ಟಕದಲ್ಲಿ ಎರಡು, ಮಾರ್ಚ್ ಕೋಷ್ಟಕದಲ್ಲಿ ಒಂದು, ಏಪ್ರಿಲ್ ಕೋಷ್ಟಕದಲ್ಲಿ ಸೊನ್ನೆ. ನನ್ನ ಮಗಳ ಕೈಗೆ ಕೀಲಿ ಬಂದದ್ದು ಆ ಸೊನ್ನೆಯ ತಿಂಗಳಿನಲ್ಲಿ.

ಇದೊಂದು ಮನೆಯ ಕಥೆ ಎಂದು ನೀವು ತಳ್ಳಿಹಾಕಬಹುದು. ದೊಡ್ಡ ಅಂಕಿಗಳನ್ನೇ ನೋಡೋಣ. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಮೊಬೈಲಿನಲ್ಲಿ ತೆಗೆದು ಓದಿದಳು, ನಾನು ಹಳೆಯ ಖಾತೆ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಂಡೆ. 2022ರ ಅಕ್ಟೋಬರ್‌ನಲ್ಲಿ ಟಾಟಾ ಟಿಯಾಗೊ ವಿದ್ಯುತ್ ಕಾರಿಗೆ ಬುಕಿಂಗ್ ತೆರೆದಾಗ ಒಂದೇ ದಿನದಲ್ಲಿ 10,000 ಬಂದವು. ಕಾರು ಕೊಡುವುದು ಶುರುವಾದದ್ದು ಮುಂದಿನ ವರ್ಷ. ಮೊದಲ ಹತ್ತು ಸಾವಿರ ಕಾರುಗಳನ್ನು ಕೊಟ್ಟು ಮುಗಿಸಲು ಸುಮಾರು ನಾಲ್ಕು ತಿಂಗಳು ಹಿಡಿಯಿತು. ಅದನ್ನೇ ಕಂಪನಿ ದಾಖಲೆಯ ವೇಗ ಎಂದು ಹೇಳಿಕೊಂಡಿತು, ಮತ್ತು ಅದು ಸುಳ್ಳೂ ಅಲ್ಲ. 2024ರ ಅಕ್ಟೋಬರ್ 3ರಂದು ಎಂಜಿ ವಿಂಡ್ಸರ್‌ಗೆ ಇಪ್ಪತ್ನಾಲ್ಕು ಗಂಟೆಯಲ್ಲಿ 15,176 ಬುಕಿಂಗ್; ಆ ಇಡೀ ತಿಂಗಳ ಮಾರಾಟ 3,116. 2025ರ ಫೆಬ್ರುವರಿ 14ರಂದು ಮಹೀಂದ್ರದ ಬಿಇ 6 ಮತ್ತು ಎಕ್ಸ್‌ಇವಿ 9ಇ ಎರಡಕ್ಕೂ ಸೇರಿ ಒಂದೇ ದಿನ 30,179 ಬುಕಿಂಗ್. ಅಂದು ಗಿರಾಕಿಯ ಅಂಗಳಕ್ಕೆ ಬಂದಿದ್ದ ಕಾರು ಒಂದೂ ಇಲ್ಲ, ವಿತರಣೆ ಆರಂಭವಾದದ್ದು ಮಾರ್ಚ್‌ನಲ್ಲಿ. ಈ ಮೂರರಲ್ಲಿ ಯಾವ ಕಂಪನಿಯೂ ಸುಳ್ಳು ಹೇಳಿಲ್ಲ. ಒಂದರ ಬುಕಿಂಗನ್ನು ಇನ್ನೊಂದರ ತಿಂಗಳ ಮಾರಾಟದ ಪಕ್ಕದಲ್ಲಿ ನಿಲ್ಲಿಸಿ ಗೆದ್ದವರು ಯಾರೆಂದು ಕೇಳಿದವರು ನೀವು.

ಉತ್ಪಾದನೆಯ ಅಂಕಿಯದು ಇನ್ನೊಂದು ಸೊಗಸು. 2025ರ ಆಗಸ್ಟ್ 26ರಂದು ಗುಜರಾತಿನ ಹನ್ಸಲ್‌ಪುರದ ಕಾರ್ಖಾನೆಯಲ್ಲಿ ಪ್ರಧಾನಿಯವರು ಮಾರುತಿ ಸುಜುಕಿಯ ಇ-ವಿಟಾರಾ ಕಾರಿಗೆ ಹಸಿರು ಬಾವುಟ ತೋರಿಸಿದರು. ಕಾರುಗಳು ಹಡಗು ಹತ್ತಿ ಯುರೋಪಿಗೆ ಹೊರಟವು. ಆ ತಿಂಗಳು ನಮ್ಮ ದೇಶದ ಷೋರೂಮುಗಳಲ್ಲಿ ಆ ಕಾರು ಮಾರಾಟಕ್ಕೇ ಇರಲಿಲ್ಲ. ಉತ್ಪಾದನೆಯ ಪಟ್ಟಿಯಲ್ಲಿ ಸಾವಿರಗಟ್ಟಲೆ, ಇಲ್ಲಿಯ ಮಾರಾಟದ ಪಟ್ಟಿಯಲ್ಲಿ ಸೊನ್ನೆ. ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣಗಿಸಿದ ದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿದ್ದರೆ ಅದು ಮಾಲು. ತಾಸಗಾಂವ್‌ಗೋ ಸಾಂಗಲಿಗೋ ಹೋಗಿ ಸವಾಲು ಮುಗಿದು, ತೂಕವಾಗಿ, ಹಣ ಖಾತೆಗೆ ಬಿದ್ದ ಮೇಲೆ ಅದು ಮಾರಾಟ. ನಡುವೆ ಎಷ್ಟೋ ಸಲ ಆರು ತಿಂಗಳು ಕಳೆದಿರುತ್ತದೆ.

ಆರಂಭದ ಅಂಕಿ ನೋಡಿ ಭವಿಷ್ಯ ಹೇಳುವ ಚಪಲ ನಿಮ್ಮೊಬ್ಬರದೇ ಅಲ್ಲ. ಅಮೆರಿಕದವರು ಹದಿನೈದು ವರ್ಷ ಹಿಂದೆಯೇ ಇದರಲ್ಲಿ ಕೈ ಸುಟ್ಟುಕೊಂಡಿದ್ದಾರೆ. ನನಗೆ ಬಹಳ ರುಚಿಸಿದ ಲೆಕ್ಕ ಅದು. ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಿ.

2010ರ ಡಿಸೆಂಬರ್‌ನಲ್ಲಿ ಅಲ್ಲಿ ಎರಡು ಕಾರುಗಳು ಒಟ್ಟಿಗೆ ರಸ್ತೆಗೆ ಇಳಿದವು. ಒಂದು ಜಪಾನಿನ ನಿಸಾನ್ ಲೀಫ್, ಇನ್ನೊಂದು ಜನರಲ್ ಮೋಟಾರ್ಸ್‌ನ ಷೆವರ್ಲೆ ವೋಲ್ಟ್. ಆ ತಿಂಗಳ ಲೆಕ್ಕ: ವೋಲ್ಟ್ 326, ಲೀಫ್ 19. ಕೋಷ್ಟಕ ಮಾಡಿ ತಲೆಬರಹ ಕೊಡುವವರಿಗೆ ಹಬ್ಬ. ಒಂದು ವರ್ಷ ಕಳೆಯಿತು. 2011ರ ಒಟ್ಟು ಲೆಕ್ಕದಲ್ಲಿ ಲೀಫ್ 9,674, ವೋಲ್ಟ್ 7,671. ಹತ್ತೊಂಬತ್ತರವನು ಮುಂದೆ, ಮುನ್ನೂರರವನು ಹಿಂದೆ. ಇನ್ನೊಂದು ವರ್ಷ ಕಳೆಯಿತು. 2012ರಲ್ಲಿ ವೋಲ್ಟ್ 23,461, ಲೀಫ್ 9,819. ಮತ್ತೆ ತಿರುವುಮುರುವು. 2013ರಲ್ಲಿ ವೋಲ್ಟ್ 23,094, ಲೀಫ್ 22,610, ಹೆಚ್ಚುಕಡಿಮೆ ಸಮಸಮ. ನಾಲ್ಕು ಜನವರಿಗಳಲ್ಲಿ ನಾಲ್ಕು ತಲೆಬರಹ.

ಕಾರಣಗಳನ್ನು ಹುಡುಕಿದರೆ ಗಿರಾಕಿಯ ಇಷ್ಟಾನಿಷ್ಟಕ್ಕೆ ಅದರಲ್ಲಿ ಸಿಗುವ ಪಾಲು ಸಣ್ಣದು. ಲೀಫ್ ಕಾರುಗಳು ಮೊದಲು ಜಪಾನಿನ ಒಪ್ಪಾಮಾ ಕಾರ್ಖಾನೆಯಿಂದ ಸಮುದ್ರ ದಾಟಿ ಬರಬೇಕಿತ್ತು. ಹೆಸರು ನೋಂದಾಯಿಸಿ ಕಾದವರಿಗೆ ಮಾತ್ರ ಸಿಗುತ್ತಿದ್ದವು. ಅಂಗಡಿಗೆ ಹೋಗಿ ತೋರಿಸಿ ಒಯ್ಯುವ ಹಾಗಿರಲಿಲ್ಲ. 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ. ವೋಲ್ಟ್ ಡೆಟ್ರಾಯಿಟ್‌ನಲ್ಲಿಯೇ ತಯಾರಾಗುತ್ತಿತ್ತು, ಆದರೆ ಮೊದಲು ಕೆಲವೇ ರಾಜ್ಯಗಳಲ್ಲಿ ಮಾರಾಟಕ್ಕಿತ್ತು. ಮೊದಲ ವರ್ಷ 10,000 ಮಾರುತ್ತೇವೆ ಎಂದಿದ್ದರು, ಆಗಲಿಲ್ಲ. 2012ಕ್ಕೆ ಅಮೆರಿಕದಲ್ಲಿ 45,000 ಎಂದರು, ಅರ್ಧವಷ್ಟೇ ಆಯಿತು. ಇದರಲ್ಲಿ ಒಂದು ವಿಚಿತ್ರ ಗಮನಿಸಿ: ಆ 2012ರ ಮಾರ್ಚ್‌ನಲ್ಲಿ, ಮಾಡಿದ ಕಾರುಗಳು ಹೆಚ್ಚಾಗಿ ಉಳಿದವೆಂದು ಕಾರ್ಖಾನೆಯನ್ನೇ ಕೆಲವು ವಾರ ನಿಲ್ಲಿಸಿ 1,300 ಕಾರ್ಮಿಕರನ್ನು ಮನೆಗೆ ಕಳುಹಿಸಿದರು. ಅದೇ ವರ್ಷ ಮಾರಾಟ ಹಿಂದಿನದಕ್ಕಿಂತ ಮೂರು ಪಟ್ಟು ಆಯಿತು. ಉತ್ಪಾದನೆಯ ಸಾಲನ್ನು ಮಾತ್ರ ಓದಿದವನು 'ಮುಳುಗಿತು' ಎಂದು ಬರೆದಿರುತ್ತಾನೆ, ಮಾರಾಟದ ಸಾಲನ್ನು ಮಾತ್ರ ಓದಿದವನು 'ಗೆದ್ದಿತು' ಎಂದು. ಲೀಫ್ 2013ರಲ್ಲಿ ಏಕಾಏಕಿ ಎರಡು ಪಟ್ಟಿಗಿಂತ ಹೆಚ್ಚಾದದ್ದು ಹೇಗೆ? ಆ ಜನವರಿಯಿಂದ ಅಮೆರಿಕದ ಟೆನೆಸ್ಸೀ ರಾಜ್ಯದ ಸ್ಮರ್ನಾದಲ್ಲಿಯೇ ಅದನ್ನು ತಯಾರಿಸಲು ತೊಡಗಿದರು, ಬೆಲೆಯನ್ನೂ ಇಳಿಸಿದರು. ಅಷ್ಟು ದಿನ ಕೋಷ್ಟಕದಲ್ಲಿ ಕಾಣುತ್ತಿದ್ದದ್ದು ಕೊಳ್ಳುವವರ ಮನಸ್ಸಿಗಿಂತ ಹೆಚ್ಚಾಗಿ ಹಡಗಿನ ಹೊಟ್ಟೆಯ ಅಳತೆ.

ಸಾಲದ್ದಕ್ಕೆ ಇವೆರಡೂ ಒಂದೇ ಜಾತಿಯ ಕಾರುಗಳೂ ಅಲ್ಲ. ಲೀಫ್ ಪೂರ್ತಿ ಬ್ಯಾಟರಿಯದು. ವೋಲ್ಟ್‌ನಲ್ಲಿ ಬ್ಯಾಟರಿ ಮುಗಿದ ಮೇಲೆ ಪೆಟ್ರೋಲ್ ಎಂಜಿನ್ ಶುರುವಾಗುತ್ತಿತ್ತು. ಸರ್ಕಾರಿ ಅಳತೆಯಲ್ಲಿ ಬರೀ ವಿದ್ಯುತ್ತಿನಲ್ಲಿ ಓಡುತ್ತಿದ್ದದ್ದು ಸುಮಾರು 56 ಕಿಲೋಮೀಟರ್. ಬಿಳಿಜೋಳ, ಹೈಬ್ರಿಡ್ ಜೋಳ ಎರಡನ್ನೂ ಒಂದೇ ರಾಶಿಗೆ ಸುರಿದು ದರ ಕೂಗಿದ ಹಾಗೆ. ಕೊನೆಗೆ ವೋಲ್ಟ್ 2019ರಲ್ಲಿ ನಿಂತೇಹೋಯಿತು. ಲೀಫ್ 2020ರ ಕೊನೆಗೆ ಜಗತ್ತಿನಲ್ಲಿ ಐದು ಲಕ್ಷ ತಲುಪಿತು.

ಟೆಸ್ಲಾ ಕಥೆಯನ್ನು ಎಲ್ಲರೂ ಬಲ್ಲರು, ಬೇಗ ಮುಗಿಸುತ್ತೇನೆ. ಮಾಡೆಲ್ 3 ಕಾರನ್ನು 2017ರ ಡಿಸೆಂಬರ್ ಹೊತ್ತಿಗೆ ತಿಂಗಳಿಗೆ 20,000 ಮಾಡುತ್ತೇವೆ ಎಂದು ಇಲಾನ್ ಮಸ್ಕ್ ಹೇಳಿದ್ದರು. ಜುಲೈನಿಂದ ಸೆಪ್ಟೆಂಬರ್‌ವರೆಗೆ ತಯಾರಾದವು 260. ಮುಂದಿನ ಮೂರು ತಿಂಗಳಲ್ಲಿ 2,425. ಅದೇ ವರ್ಷ ಅದರ ಎದುರಾಳಿ ಷೆವರ್ಲೆ ಬೋಲ್ಟ್ (ಮೇಲಿನ ವೋಲ್ಟ್ ಅಲ್ಲ, ಪೂರ್ತಿ ಬ್ಯಾಟರಿಯ ಬೇರೆ ಕಾರು) ಅಮೆರಿಕದಲ್ಲಿ 23,297 ಮಾರಾಟವಾಗಿತ್ತು. ಬೋಲ್ಟ್ ಗೆದ್ದಂತೆಯೇ ಅಲ್ಲವೇ? 2018ರ ಜೂನ್ ಕೊನೆಯ ವಾರ ಟೆಸ್ಲಾ ಕಾರ್ಖಾನೆಯ ಬಯಲಿನಲ್ಲಿ ಡೇರೆ ಹಾಕಿ ವಾರಕ್ಕೆ ಐದು ಸಾವಿರ ಮುಟ್ಟಿತು, ಆ ವರ್ಷ ಮಾಡೆಲ್ 3 ಒಂದು ಲಕ್ಷ ದಾಟಿತು. ಬೋಲ್ಟ್ ಕಾರುಗಳನ್ನು 2021ರಲ್ಲಿ ಬ್ಯಾಟರಿಗೆ ಬೆಂಕಿ ಹತ್ತುವ ಭಯದಿಂದ, ಅಲ್ಲಿಯವರೆಗೆ ಮಾಡಿದ್ದನ್ನೆಲ್ಲ, ದುರಸ್ತಿಗೆ ವಾಪಸು ಕರೆಯಬೇಕಾಯಿತು.

ನಮ್ಮ ರಾಜ್ಯದ ಒಂದು ಅಂಕಿಯನ್ನು ಇಲ್ಲಿ ನೆನೆಯದಿದ್ದರೆ ನನಗೆ ಸಮಾಧಾನವಿಲ್ಲ. ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ರೇವಾ ವಿದ್ಯುತ್ ಕಾರು 2001ರಲ್ಲಿಯೇ ಮಾರಾಟಕ್ಕೆ ಬಂದಿತ್ತು. ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಾಡಿತು. ಸಂಬಂಧಿಕರ ಮದುವೆಗೆಂದು ಬೆಂಗಳೂರಿಗೆ ಹೋದಾಗ ಬಸವನಗುಡಿಯಲ್ಲಿ ಅದನ್ನು ಮೊದಲ ಸಲ ಕಂಡು, ಮಕ್ಕಳ ಆಟಿಗೆ ಎಂದು ನಕ್ಕವರಲ್ಲಿ ನಾನೂ ಒಬ್ಬ. ಹತ್ತು ವರ್ಷದಲ್ಲಿ, ಜಗತ್ತಿನಲ್ಲೆಲ್ಲ ಸೇರಿ, ಅದು ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. 2010ರಲ್ಲಿ ಅದನ್ನು ಕೊಂಡ ಕಂಪನಿ ಮಹೀಂದ್ರ. ಅದೇ ಕಂಪನಿಗೆ ಹದಿನೈದು ವರ್ಷದ ಬಳಿಕ ಒಂದೇ ದಿನ ಮೂವತ್ತು ಸಾವಿರ ಬುಕಿಂಗ್. ರೇವಾದ ನಾಲ್ಕು ಸಾವಿರವನ್ನು ನೀವು ಯಾವ ಕೋಷ್ಟಕದ ಯಾವ ಸಾಲಿಗೆ ಹಾಕುತ್ತೀರಿ?

ಬೆಲೆಯ ಕಾಲಂ ಬಗ್ಗೆಯೂ ಒಂದು ಮಾತು. ವಿಂಡ್ಸರ್ ಮುಂದೆ ನೀವು 9.99 ಲಕ್ಷ ಎಂದು ಬರೆದು, 'ಅಗ್ಗದ ಬೆಲೆಯೇ ಗೆಲುವಿನ ಗುಟ್ಟು' ಎಂದಿದ್ದೀರಿ. ಬಿಡುಗಡೆಯ ದಿನದ ಆ ಬೆಲೆ ಬ್ಯಾಟರಿ ಬಿಟ್ಟು ಹೇಳಿದ್ದು. ಬ್ಯಾಟರಿಗೆ ಕಿಲೋಮೀಟರಿಗೆ 3.50 ರೂಪಾಯಿಯಂತೆ ಬಾಡಿಗೆ ಬೇರೆ ಇತ್ತು. ಬ್ಯಾಟರಿ ಸೇರಿಸಿದ ಬೆಲೆ ಆರಂಭದಲ್ಲಿ 13.50 ಲಕ್ಷ ಇತ್ತು. ಪಕ್ಕದ ಸಾಲಿನ ಕಾರುಗಳಿಗೆಲ್ಲ ಬ್ಯಾಟರಿ ಸೇರಿಸಿದ ಬೆಲೆ ಕೊಟ್ಟು, ಇದೊಂದಕ್ಕೆ ಬಿಟ್ಟ ಬೆಲೆ ಕೊಟ್ಟರೆ ಅದು ಹೋಲಿಕೆ ಆಗುವುದಿಲ್ಲ. ಬಾಡಿಗೆಯ ಪದ್ಧತಿ ಕೆಟ್ಟದ್ದೆಂದು ನನ್ನ ವಾದವಲ್ಲ. ತಿಂಗಳಿಗೆ ಐನೂರು ಕಿಲೋಮೀಟರ್ ಓಡಿಸುವವನಿಗೆ ಅದು ಲಾಭವೋ ಏನೋ. ದಿನವೂ ಸೊಲ್ಲಾಪುರಕ್ಕೆ ಹೋಗಿ ಬರುವವನು ಆ ದರದಲ್ಲಿ ಇನ್ನೂರು ಕಿಲೋಮೀಟರಿಗೆ ಏಳುನೂರು ರೂಪಾಯಿ ಬಾಡಿಗೆ, ಮೇಲೆ ಕರೆಂಟಿನ ಖರ್ಚು ಎಂದು ಗುಣಿಸಿ ನೋಡಲಿ.

ಇನ್ನು ನಮ್ಮ ಬಿಸಿಲು. ಮೊದಲ ಲೀಫ್ ಕಾರುಗಳ ಬ್ಯಾಟರಿಯನ್ನು ತಂಪಾಗಿಡಲು ದ್ರವದ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಬಿಸಿ ಪ್ರದೇಶದಲ್ಲಿ ಒಂದೆರಡು ವರ್ಷಕ್ಕೇ ಬ್ಯಾಟರಿಯ ಕಸುವು ಕುಗ್ಗಿತೆಂದು 2012ರಲ್ಲಿ ದೊಡ್ಡ ಗದ್ದಲವಾಯಿತು. ಕಂಪನಿ ಬ್ಯಾಟರಿಯ ಸಾಮರ್ಥ್ಯಕ್ಕೆ ಪ್ರತ್ಯೇಕ ಖಾತರಿ ಕೊಡಬೇಕಾಯಿತು. ಮುಂದೆ ಬಿಸಿ ತಾಳುವ ಬ್ಯಾಟರಿಯನ್ನೂ ತಂದಿತು. ವೋಲ್ಟ್‌ಗೆ ಮೊದಲಿನಿಂದಲೇ ದ್ರವದ ತಂಪು ಇತ್ತು. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ವಿಜಯಪುರದವನಿಗೆ, ಮೊದಲ ತಿಂಗಳು ಎಷ್ಟು ಮಾರಾಟವಾಯಿತು ಎನ್ನುವುದಕ್ಕಿಂತ ಮೂರನೆಯ ಬೇಸಿಗೆಯಲ್ಲಿ ಬ್ಯಾಟರಿ ಹೇಗಿದೆ ಎನ್ನುವುದು ಮುಖ್ಯ. ನನ್ನ ಅಳಿಯ ಕಾರು ಕೊಳ್ಳುವಾಗ ಬ್ಯಾಟರಿಗೆ ಯಾವ ತಂಪು ಎಂದು ಕೇಳಿದ್ದು ಒಂದೇ ಸಲ, ಬಣ್ಣದ ಬಗ್ಗೆ ಕೇಳಿದ್ದು ನಾಲ್ಕು ಸಲ. ಬೂದು ಬಣ್ಣ ತಂದಿದ್ದಾನೆ, ಧೂಳು ಕಾಣುವುದಿಲ್ಲವಂತೆ.

ಈಗ ನನ್ನ ಕೋರಿಕೆ. ಕೋಷ್ಟಕ ಹಾಕಬೇಡಿ ಎನ್ನುತ್ತಿಲ್ಲ, ನಾನು ಅದನ್ನೇ ಮೊದಲು ಓದುವವನು. ಬುಕಿಂಗ್, ಉತ್ಪಾದನೆ, ಡೀಲರಿಗೆ ರವಾನೆ, ನೋಂದಣಿ, ಈ ನಾಲ್ಕಕ್ಕೆ ನಾಲ್ಕು ಕಾಲಂ ಮಾಡಿ. ಸಿಗದ ಕಡೆ ಅಡ್ಡಗೆರೆ ಎಳೆಯಿರಿ. ಗೆರೆ ಎಳೆಯುವುದಕ್ಕೆ ನಾಚಿಕೆ ಬೇಡ, ನಾನು ಮೂವತ್ಮೂರು ವರ್ಷ ಎಳೆದಿದ್ದೇನೆ. ಆರಂಭದ ತಿಂಗಳುಗಳನ್ನು ಹೋಲಿಸುವಾಗ ಕ್ಯಾಲೆಂಡರಿನ ತಿಂಗಳು ಬೇಡ. ಕಾರು ಮಾರುಕಟ್ಟೆಗೆ ಬಂದು ಒಂದನೆಯ ತಿಂಗಳು, ಎರಡನೆಯ ತಿಂಗಳು ಎಂದು ಲೆಕ್ಕ ಹಿಡಿಯಿರಿ. ದಸರಾ-ದೀಪಾವಳಿಯ ಮುಂದೆ ಬಂದ ಕಾರನ್ನು ಆಷಾಢದಲ್ಲಿ ಬಂದ ಕಾರಿನ ಜೊತೆ ನಿಲ್ಲಿಸುವುದು ನ್ಯಾಯವಲ್ಲ, ಅದಕ್ಕೊಂದು ಟಿಪ್ಪಣಿ ಸೇರಿಸಿ. ಟ್ಯಾಕ್ಸಿಗೆ ಹೋದ ಕಾರುಗಳನ್ನು ಮನೆಗೆ ಹೋದ ಕಾರುಗಳಿಂದ ಬೇರೆ ಮಾಡಿ. ಸಾರಿಗೆ ಇಲಾಖೆಯ ವಾಹನ್ ಜಾಲತಾಣದಲ್ಲಿ ಇವೆರಡು ಬೇರೆ ಬೇರೆ ವರ್ಗಗಳಲ್ಲಿಯೇ ಇವೆ. ಆ ತಾಣದಲ್ಲಿ ಎಷ್ಟೋ ವರ್ಷ ತೆಲಂಗಾಣದ ಲೆಕ್ಕ ಸೇರಿರಲಿಲ್ಲ. ಹಳೆಯ ಅಂಕಿ ಬಳಸುವಾಗ 'ದೇಶದಾದ್ಯಂತ' ಎಂದು ಬರೆಯುವ ಮುನ್ನ ಅದು ನೆನಪಿರಲಿ.

ಇನ್ನೂ ಒಂದು ಆಸೆ ಇದೆ. ಅದೇ ತಾಣದಲ್ಲಿ ಒಂದೊಂದು ಆರ್‌ಟಿಒ ಕಚೇರಿಯ ನೋಂದಣಿಯೂ, ಯಾವ ಇಂಧನದ ವಾಹನ ಎಂಬುದೂ ಸಿಗುತ್ತದೆ. ಕೆಎ 28 ನಮ್ಮದು, 29 ಬಾಗಲಕೋಟೆ, 48 ಜಮಖಂಡಿ, 22 ಬೆಳಗಾವಿ, 23 ಚಿಕ್ಕೋಡಿ, 49 ಗೋಕಾಕ. ನಮ್ಮ ಭಾಗದ ಆವೃತ್ತಿಯಲ್ಲಿ ತಿಂಗಳಿಗೊಮ್ಮೆ, ಪೇಟೆ ಧಾರಣೆಯ ಪಕ್ಕದಲ್ಲಿ ಮೂರು ಬೆರಳಿನಷ್ಟು ಜಾಗ ಕೊಟ್ಟು, ಈ ಕಚೇರಿಗಳಲ್ಲಿ ನೋಂದಣಿಯಾದ ವಿದ್ಯುತ್ ಕಾರು ಎಷ್ಟು ಎಂದು ಹಾಕಿ. ನಮ್ಮ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರದ ಹೊಗೆ ಉಸಿರಾಡುವವರು ನಾವು. ಆ ಕರೆಂಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಕಾರು ಓಡುತ್ತಿವೆ ಎಂದು ತಿಳಿಯುವ ಹಕ್ಕು ನಮಗಿಲ್ಲವೇ? ಬೆಂಗಳೂರಿನ ಬುಕಿಂಗ್ ಸಂಭ್ರಮ ಓದಿ ಇಲ್ಲಿಯವರು ಮುಂಗಡ ಕಟ್ಟುತ್ತಾರೆ. ಹುಬ್ಬಳ್ಳಿಗೆ ಹೋಗುವ ದಾರಿಯಲ್ಲಿ ಎಷ್ಟು ಜನ ಜೊತೆಗಿದ್ದಾರೆ ಎಂದು ಗೊತ್ತಾದರೆ ಅವರಿಗೂ ಧೈರ್ಯ, ಚಾರ್ಜರ್ ಹಾಕಿಸಬೇಕೆಂದಿರುವ ಧಾಬಾದವರಿಗೂ ಒಂದು ಅಂದಾಜು.

ನಾಲ್ಕು ಕಾಲಂ ಎಳೆದು ಮಾದರಿಯೊಂದನ್ನು ಮಾಡಿ ಇದರ ಜೊತೆ ಇಟ್ಟಿದ್ದೇನೆ. ನಮ್ಮ ಮನೆಯ ಕಾರನ್ನು ಉದಾಹರಣೆಗೆ ಮೊದಲ ಸಾಲಿನಲ್ಲಿ ತುಂಬಿಸಿದ್ದೇನೆ: ಬುಕಿಂಗ್ 2, ರದ್ದು 1, ರವಾನೆ 1, ನೋಂದಣಿ 1, ಮನೆಗೆ ಬಂದದ್ದು 1. ನಾಲ್ಕು ಎಂದು ಹೇಳಿ ಐದು ಕಾಲಂ ಆಗಿದೆ, ನೋಡಿದೆ. ರದ್ದಿನದನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ, ಮುದ್ರಿಸುವಾಗ ಕಪ್ಪಾದರೂ ಅಡ್ಡಿಯಿಲ್ಲ.

ಇತಿ ನಿಮ್ಮ ಓದುಗ,
ಒಬ್ಬ ನಿವೃತ್ತ ದಿವಾನಜಿ
ವಿಜಯಪುರ